ಪ್ವಾಟಿಯೆ ಊರಿನ ಸುಂಕದಕಟ್ಟೆ

ಬಡವರ ಪರ ನಿಂತು ಗೆದ್ದ ಎಡ-ಮಧ್ಯಮ ಪಂಥದ ಸರ್ಕಾರ ತನ್ನ ಆರ್ಥಿಕ ನೀತಿಯನ್ನೇ ಬದಲಿಸಬೇಕಾಗಿ ಬಂದರೆ ಏನಾಗುತ್ತದೆ? ಫ್ರಾನ್ಸಿನ ಕಥೆಯೊಂದನ್ನೇ ಹಿಡಿದು ಮಾತಾಡುತ್ತೇನೆ.

1981ರ ಮೇ ತಿಂಗಳಲ್ಲಿ ಸಮಾಜವಾದಿ ಫ್ರಾನ್ಸ್ವಾ ಮಿತೆರಾಂ ಅಧ್ಯಕ್ಷರಾಗಿ ಆರಿಸಿಬಂದರು. ಕನಿಷ್ಠ ಕೂಲಿ ಏರಿತು, ವಾರದ ದುಡಿಮೆ 39 ಗಂಟೆಗೆ ಇಳಿಯಿತು, ಸಂಬಳದ ರಜೆ ಐದು ವಾರವಾಯಿತು. 1982ರ ಫೆಬ್ರವರಿಯ ಕಾನೂನು ದೊಡ್ಡ ಬ್ಯಾಂಕುಗಳನ್ನೂ ಐದು ಕೈಗಾರಿಕಾ ಸಮೂಹಗಳನ್ನೂ ರಾಷ್ಟ್ರೀಕರಿಸಿತು. ದುಡಿಯುವವರ ಕೈಯಲ್ಲಿ ಕಾಸು ಓಡಾಡಿದರೆ ಕಾರ್ಖಾನೆಗಳು ಚೇತರಿಸಿಕೊಳ್ಳುತ್ತವೆ ಎಂಬ ಲೆಕ್ಕ. ಆದರೆ ಆ ಹೊತ್ತಿಗೆ ನೆರೆಯ ದೇಶಗಳೆಲ್ಲ ಖರ್ಚು ಬಿಗಿ ಮಾಡಿದ್ದವು. ಅವು ಫ್ರಾನ್ಸಿನ ಸರಕನ್ನು ಸಾಕಷ್ಟು ಕೊಳ್ಳಲಿಲ್ಲ. ಫ್ರೆಂಚರ ಹೊಸ ಸಂಬಳವೋ ಜರ್ಮನಿಯ ಕಾರುಗಳಿಗೆ, ಜಪಾನಿನ ವಿಡಿಯೋ ರೆಕಾರ್ಡರುಗಳಿಗೆ ಹರಿದುಹೋಯಿತು.

1982ರ ಅಕ್ಟೋಬರಿನಲ್ಲಿ ಸರ್ಕಾರ ಒಂದು ಆಜ್ಞೆ ಹೊರಡಿಸಿತು. ಹೊರದೇಶದ ವಿಡಿಯೋ ರೆಕಾರ್ಡರ್ ಯಾವ ಬಂದರಿಗೆ ಬಂದಿಳಿದರೂ, ಕಡಲಿನಿಂದ ದೂರದ ಪ್ವಾಟಿಯೆ ಎಂಬ ಊರಿನ ಪುಟ್ಟ ಕಸ್ಟಮ್ಸ್ ಕಚೇರಿಯಲ್ಲೇ ತಪಾಸಣೆಯಾಗಬೇಕು. ಅಲ್ಲಿ ಕಾಗದಪತ್ರ ಫ್ರೆಂಚಿನಲ್ಲೇ ಇರಬೇಕು. ಪೆಟ್ಟಿಗೆಗಳು ರಾಶಿ ಬಿದ್ದವು. ದೊಡ್ಡ ರಾಷ್ಟ್ರವೊಂದು ಆಮದು ತಡೆಯಲು ಇಂಥ ಉಪಾಯಕ್ಕೆ ಇಳಿದದ್ದೇ ಅದರ ಇಕ್ಕಟ್ಟನ್ನು ಹೇಳುತ್ತದೆ.

ಫ್ರಾಂಕಿನ ಬೆಲೆಯನ್ನು ಅದಾಗಲೇ ಎರಡು ಸಲ ಇಳಿಸಿಯಾಗಿತ್ತು. 1983ರ ಮಾರ್ಚಿನಲ್ಲಿ ಉಳಿದದ್ದು ಒಂದೇ ಪ್ರಶ್ನೆ: ಸದಸ್ಯ ದೇಶಗಳ ನಾಣ್ಯಗಳ ಬೆಲೆಯನ್ನು ಒಂದಕ್ಕೊಂದು ಹೊಂದಿಸಿಟ್ಟಿದ್ದ ಯುರೋಪಿನ ವಿನಿಮಯ ವ್ಯವಸ್ಥೆಯಲ್ಲಿ ಇರುವುದೋ, ಹೊರಬೀಳುವುದೋ? ಹೊರಬೀಳುವ ಕಡೆಗೆ ಒಲಿದಿದ್ದ ಬಜೆಟ್ ಮಂತ್ರಿ ಲೊರಾಂ ಫಾಬಿಯುಸ್ ಅವರಿಗೆ ಖಜಾನೆಯ ಮುಖ್ಯಾಧಿಕಾರಿ ಮಿಶೆಲ್ ಕಾಂಡೆಸು ವಿದೇಶಿ ವಿನಿಮಯದ ಸಂಗ್ರಹ ಎಷ್ಟು ಕರಗಿದೆಯೆಂದು ತೋರಿಸಿದರು. ಫಾಬಿಯುಸ್ ಮನಸ್ಸು ಬದಲಿಸಿದರು, ಮಿತೆರಾಂ ಉಳಿಯುವ ತೀರ್ಮಾನಕ್ಕೆ ಬಂದರು. ಮೂರನೇ ಅಪಮೌಲ್ಯ, ಹೊಸ ತೆರಿಗೆ, ಕಡ್ಡಾಯ ಸಾಲ ಒಟ್ಟಿಗೇ ಬಂದವು. ಪ್ರವಾಸಕ್ಕೆ ಹೊರದೇಶಕ್ಕೆ ಹೋಗುವವರು ವರ್ಷಕ್ಕೆ 2,000 ಫ್ರಾಂಕಿಗಿಂತ ಹೆಚ್ಚು ಒಯ್ಯುವಂತಿರಲಿಲ್ಲ.

ಈ ನೀತಿ ಬದಲಾವಣೆಯನ್ನು ದ್ರೋಹ ಎಂದವರಿದ್ದಾರೆ. ನಾನು ಹಾಗೆನ್ನಲಾರೆ. ಬೆಲೆಯೇರಿಕೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು, ಅದರ ಲಾಭ ಬಡವರಿಗೂ ಮುಟ್ಟಿತು. ನನ್ನ ತಕರಾರು ಬೇರೆ. ಇದೊಂದು ತಾತ್ಕಾಲಿಕ ಕ್ರಮವೆಂದು ಪಕ್ಷ ಜನರಿಗೆ ಹೇಳಿತು. ಹಳೆಯ ದಾರಿಗೆ ಮರಳಲಿಲ್ಲ, ದಾರಿ ಬದಲಾಗಿದೆಯೆಂದು ಒಪ್ಪಲೂ ಇಲ್ಲ. ನಿರುದ್ಯೋಗ ಏರುತ್ತಲೇ ಹೋಯಿತು. 1984ರ ಏಪ್ರಿಲ್‌ನಲ್ಲಿ ಕೆಲಸ ಕಳೆದುಕೊಳ್ಳಲಿದ್ದ ಲೊರೇನ್ ಪ್ರಾಂತ್ಯದ ಉಕ್ಕು ಕಾರ್ಮಿಕರು ಪ್ಯಾರಿಸಿಗೆ ಬಂದು ಮೆರವಣಿಗೆ ಮಾಡಿದರು. ಅವರಲ್ಲಿ ಬಹಳ ಮಂದಿ ಈ ಸರ್ಕಾರಕ್ಕೇ ಮತ ಹಾಕಿದವರು. ನಿಮ್ಮ ಗಿರಣಿ ಉಳಿಯುವುದಿಲ್ಲ, ಕಾರಣ ಹೀಗಿದೆ ಎಂದು ಅವರಿಗೆ ಮೊದಲೇ ಬಿಡಿಸಿ ಹೇಳುವುದು ಸರ್ಕಾರದ ಕರ್ತವ್ಯವಾಗಿತ್ತು.

1986ರ ಮಾರ್ಚ್ ಚುನಾವಣೆಯಲ್ಲಿ ಸಮಾಜವಾದಿಗಳು ಬಹುಮತ ಕಳೆದುಕೊಂಡರು. ಅವರು ರಾಷ್ಟ್ರೀಕರಿಸಿದ್ದ ಸ್ಯಾಂ-ಗೊಬ್ಯಾಂ ಕಂಪನಿಯನ್ನು ಹೊಸ ಸರ್ಕಾರ ಆ ವರ್ಷವೇ ಮತ್ತೆ ಖಾಸಗಿಯವರಿಗೆ ಮಾರಿತು.