ದೂರದ ಕೋಟೆ, ಹತ್ತಿರದ ಕೋಟೆ



ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ಮನೆಯವಳೊಡನೆ ರಾಜಸ್ಥಾನದ ಜೈಸಲ್ಮೇರಿಗೆ ಹೋಗಿದ್ದೆ. ಸುತ್ತಲೂ ಮರುಭೂಮಿ, ನಡುವೆ ಗುಡ್ಡದ ಮೇಲೆ ಹಳದಿ ಕಲ್ಲಿನ ಕೋಟೆ. ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ್ದು. ಒಳಗೆ ಅರಮನೆ, ಜೈನ ಬಸದಿಗಳು. ಇಂದಿಗೂ ಸಂಸಾರಗಳು ಅಲ್ಲೇ ವಾಸವಾಗಿವೆ. ಹಿಂದೆ ಊರಿಗೆಲ್ಲ ಗಡೀಸರ್ ಕೆರೆಯೇ ಆಧಾರ. ನಲ್ಲಿ ಬಂದ ಮೇಲೆ ಬಚ್ಚಲ ನೀರು ಬುಡಕ್ಕಿಳಿದು ಕೋಟೆಯ ಗೋಡೆಗಳೇ ಸಡಿಲವಾದವಂತೆ.

ಅಲ್ಲಿನ ಅಂಗಡಿಯವನೊಬ್ಬ, "ನಿಮ್ಮ ಕಡೆ ಕೋಟೆ ಇಲ್ಲವೇ?" ಎಂದು ಕೇಳಿದ. ನನಗೆ ನಾಚಿಕೆಯಾಯಿತು. ಓಮಲೂರಿನವನಾಗಿದ್ದೂ ಸಂಕಗಿರಿ ದುರ್ಗವನ್ನು ಈರೋಡಿನ ರೈಲಿನ ಕಿಟಕಿಯಿಂದಷ್ಟೇ ನೋಡಿದ್ದೆ!

ಊರಿಗೆ ಬಂದವನೇ ಬೆಟ್ಟ ಹತ್ತಿದೆ. ಹೈದರ್, ಟಿಪ್ಪು ಕಾಲದಲ್ಲಿ ಅದು ಮೈಸೂರಿನ ಕೋಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಇಂಗ್ಲಿಷರ ಪಾಲಾಯಿತು. ಧೀರನ್ ಚಿನ್ನಮಲೈ ಅವರನ್ನು 1805ರಲ್ಲಿ ಗಲ್ಲಿಗೇರಿಸಿದ್ದೂ ಅಲ್ಲಿಯೇ.

ನಾವು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವವರು. ಈ ಕೋಟೆಯ ಕಥೆಯೂ ಹಾಗೆಯೇ, ಎರಡೂ ನುಡಿಯವರದು. ಬುತ್ತಿ ಕಟ್ಟಿಕೊಂಡು, ಬಿಸಿಲೇರುವ ಮೊದಲೇ ಮಕ್ಕಳೊಡನೆ ಹತ್ತಿ. ಗೋಡೆಯ ಮೇಲೆ ಹೆಸರು ಗೀಚಬೇಡಿ. ನಾಳೆ ಯಾರಾದರೂ ಕೇಳಿದರೆ ನಿಮ್ಮ ಮಕ್ಕಳು ನನ್ನ ಹಾಗೆ ತಲೆ ತಗ್ಗಿಸಬಾರದು.