ಬಾಯಿಪಾಠ ಮತ್ತು ಲಕ್ಷ್ಯ



ಉಳವಿಯಲ್ಲಿ ವಿಚಾರ ಸಂಕಿರಣ ಇದೆ ಎಂದಾಗ ಗೆಳೆಯರೊಬ್ಬರು ‘ಚೆನ್ನಬಸವಣ್ಣನ ಉಳವಿಯಾ?’ ಎಂದರು. ‘ಅಲ್ಲ, ಸೊರಬದ ಉಳವಿ’ ಎಂದೆ. ಯೆಹೂದಿಗಳ ನಿತ್ಯ ಪ್ರಾರ್ಥನೆಯ ಅರ್ಥದ ಬಗ್ಗೆ ಮಾತಾಡಬೇಕು ಎಂದಾಗ ಅವರಿಗೆ ಇನ್ನೂ ಆಶ್ಚರ್ಯ. ಈ ಅಡಿಕೆ ಸೀಮೆಗೂ ಯೆಹೂದಿಗಳಿಗೂ ಏನು ಸಂಬಂಧ ಎಂದು ಕೇಳಿದರು. ಸಂಬಂಧ ಇದೆ. ಅದರಲ್ಲಿ ಅಡಿಕೆಯೂ ಇದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಒಂದು ಬಿಡುಗಡೆ ಪತ್ರ ತಯಾರಾಯಿತು. ಬಿಡುಗಡೆ ಮಾಡಿದವನು ಅಬ್ರಹಾಂ ಬೆನ್ ಯಿಜು. ಟುನೀಸಿಯಾದ ಮಹ್ದಿಯಾ ಅವನ ಮೂಲ ಊರು. ಏಡನ್ ದಾರಿಯಾಗಿ ಬಂದು ಮಂಗಳೂರಿನಲ್ಲಿ ನೆಲೆ ನಿಂತ ಯೆಹೂದಿ ವರ್ತಕ. ಬಿಡುಗಡೆ ಹೊಂದಿದವಳು ಆಶು ಎಂಬ ದಾಸಿ, ಈ ನೆಲದ ಹೆಣ್ಣುಮಗಳು. ಮುಂದೆ ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಅವಳಿಗೆ ಅಂದು ಇಟ್ಟ ಹೊಸ ಹೆಸರು ಬೆರಾಖಾ. ಹೀಬ್ರೂ ಭಾಷೆಯಲ್ಲಿ ಹಾಗೆಂದರೆ ಹರಕೆ, ಆಶೀರ್ವಾದ. ಯೆಹೂದಿ ಪ್ರಾರ್ಥನೆಯ ಒಂದೊಂದು ಘಟಕಕ್ಕೂ ಇದೇ ಹೆಸರು. ಊಟಕ್ಕೆ ಮೊದಲು ಒಂದು ಬೆರಾಖಾ, ಊಟವಾದ ಮೇಲೆ ಒಂದಿಷ್ಟು, ಗುಡುಗು ಕೇಳಿದರೆ ಒಂದು, ಶೌಚಕ್ಕೆ ಹೋಗಿ ಬಂದು ಕೈ ತೊಳೆದ ಮೇಲೆ ಮೈಯ ರಂಧ್ರಗಳು ಕೆಲಸ ಮಾಡುತ್ತಿರುವುದಕ್ಕೆ ಒಂದು. ದಿನಕ್ಕೆ ನೂರು ಆಗಬೇಕು ಎಂಬುದು ಅವರ ಸಂಪ್ರದಾಯ. ಅಂದರೆ, ಅವರ ಬಾಯಲ್ಲಿ ದಿನವಿಡೀ ಸುಳಿಯುವ ಒಂದು ಮಾತನ್ನೇ ನಮ್ಮ ಕಡಲ ತೀರದ ಹೆಣ್ಣೊಬ್ಬಳಿಗೆ ಹೆಸರಾಗಿ ಕೊಟ್ಟರು.

ಬೆನ್ ಯಿಜು 1149ರ ಹೊತ್ತಿಗೆ ಏಡನ್‌ಗೆ ಮರಳಿದ. ಮಂಗಳೂರಿನಲ್ಲಿದ್ದಷ್ಟು ಕಾಲ ಅಲ್ಲಿಂದ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಏಡನ್‌ನಿಂದ ಅವನಿಗೆ ಬರುತ್ತಿದ್ದ ಸಾಮಾನಿನಲ್ಲಿ ಕಾಗದವೂ ಇತ್ತು. ಅಂಥ ಕಾಗದದ ಮೇಲಿನ ಪತ್ರಗಳು ಉಳಿದದ್ದು ಹೇಗೆ ಗೊತ್ತೇ? ದೇವರ ಹೆಸರು ಬರೆದ ಹಾಳೆಯನ್ನು ಯೆಹೂದಿಗಳು ಹರಿದು ಬಿಸಾಡುವುದಿಲ್ಲ. ಒಂದು ಕೋಣೆಯಲ್ಲಿ ಕೂಡಿಡುತ್ತಾರೆ. ಅದು ಗೆನೀಜಾ. ವ್ಯಾಪಾರದ ಪತ್ರಗಳೂ ದೇವರ ಸ್ಮರಣೆಯಿಂದಲೇ ಶುರುವಾಗುತ್ತಿದ್ದುದರಿಂದ ಅವೂ ಆ ಕೋಣೆ ಸೇರಿದವು. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದ ಗೆನೀಜಾದಿಂದ ಹೊರಬಂದ ಲಕ್ಷಾಂತರ ಚೂರುಗಳಲ್ಲಿ ಗೊಯ್ಟೈನ್ ಎಂಬ ವಿದ್ವಾಂಸರು ಭಾರತದ ವ್ಯಾಪಾರದ ಪತ್ರಗಳನ್ನು ಹುಡುಕಿದರು. ಲೇಖಕ ಅಮಿತಾವ್ ಘೋಷ್ ಅದೇ ಜಾಡು ಹಿಡಿದು ಮಂಗಳೂರಿಗೆ ಬಂದು, ಪ್ರೊ. ಬಿ. ಎ. ವಿವೇಕ ರೈಯವರ ಜೊತೆ ಕೂತು ಬೆನ್ ಯಿಜುವಿನ ಆಳು ಬೊಮ್ಮನ ಹೆಸರಿನ ಬೇರು ಹುಡುಕಿದರು. 1992ರಲ್ಲಿ ಘೋಷ್ ಅವರ ಪುಸ್ತಕ ಬಂತು. ನಮ್ಮ ಚರಿತ್ರೆಯ ಈ ಪುಟ ಉಳಿದದ್ದು ಯಾವ ರಾಜನ ಶಾಸನದಿಂದಲೂ ಅಲ್ಲ, ದೇವರ ಹೆಸರನ್ನು ಕಾಲಡಿಗೆ ಹಾಕಬಾರದು ಎಂಬ ಒಂದು ನಡವಳಿಕೆಯಿಂದ. ನನಗೆ ಇದು ತುಂಬ ದೊಡ್ಡ ಸಂಗತಿ.

ಈಗ ಪ್ರಾರ್ಥನೆಗೆ ಬರೋಣ. ಶಾಸ್ತ್ರನಿಷ್ಠ ಯೆಹೂದಿ ದಿನಕ್ಕೆ ಮೂರು ಹೊತ್ತು ಪ್ರಾರ್ಥಿಸುತ್ತಾನೆ. ಬೆಳಗಿನದು ಶಹರೀತ್, ಮಧ್ಯಾಹ್ನ ಇಳಿದ ಮೇಲಿನದು ಮಿನ್ಹಾ, ರಾತ್ರಿಯದು ಅರ್ವೀತ್. ಮೂರರಲ್ಲೂ ನಡುಗಂಬ ಅಮೀದಾ. ಆ ಶಬ್ದಕ್ಕೆ ನಿಲ್ಲುವುದು ಎಂದು ಅರ್ಥ. ಜೆರುಸಲೇಮಿನ ಕಡೆ ಮುಖ ಮಾಡಿ, ಕಾಲು ಜೋಡಿಸಿ, ತುಟಿ ಮಾತ್ರ ಅಲುಗುವಂತೆ ಹೇಳಬೇಕು. ಹಾಗೆ ಹೇಳುವುದನ್ನು ಅವರು ಕಲಿತದ್ದು ಹನ್ನಾ ಎಂಬ ಹೆಂಗಸಿನಿಂದ. ಮಕ್ಕಳಿಲ್ಲದ ಆಕೆ ಗುಡಿಗೆ ಬಂದು ತುಟಿ ಅಲುಗಿಸುತ್ತ ನಿಂತಾಗ ಪೂಜಾರಿ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಮುಂದೆ ಯೆಹೂದಿ ಶಾಸ್ತ್ರಗ್ರಂಥವಾದ ತಾಲ್ಮುದದ ಪಂಡಿತರು ಪ್ರಾರ್ಥನೆಯ ಕ್ರಮವನ್ನು ಆ ಪೂಜಾರಿಯಿಂದ ತೆಗೆದುಕೊಳ್ಳಲಿಲ್ಲ, ಆ ಹೆಂಗಸಿನಿಂದ ತೆಗೆದುಕೊಂಡರು.

ಅಮೀದಾದಲ್ಲಿ ಮಳೆಗಾಗಿ ಒಂದು ಬೇಡಿಕೆ ಇದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಸ್ರೇಲಿನ ಹೊರಗಿರುವವರು ಈ ಬೇಡಿಕೆಯನ್ನು ತಮ್ಮ ಹಳೆಯ ಲೆಕ್ಕದ ಶರತ್ಕಾಲದ ವಿಷುವದಿಂದ ಅರವತ್ತನೆಯ ದಿನಕ್ಕೆ ಶುರು ಮಾಡುತ್ತಾರೆ. ಇಂದಿನ ಕ್ಯಾಲೆಂಡರಿನಲ್ಲಿ ಅದು ಡಿಸೆಂಬರ್ 4 ಅಥವಾ 5. ಮಾರ್ಚ್ ಏಪ್ರಿಲ್‌ನಲ್ಲಿ ಬರುವ ಪಾಸ್ಕ ಹಬ್ಬಕ್ಕೆ ನಿಲ್ಲಿಸುತ್ತಾರೆ. ಡಿಸೆಂಬರ್ ಎಂದರೆ ನಮ್ಮಲ್ಲಿ ಏನು? ಅಡಿಕೆ ಕೊಯ್ಲು. ಸುಲಿದು ಬೇಯಿಸಿದ ಅಡಿಕೆ ಅಟ್ಟದ ಮೇಲೆ ತಟ್ಟಿಯಲ್ಲಿ ಹರಡಿರುತ್ತದೆ. ಮೋಡ ಕವಿದರೆ ಮನೆಮಂದಿಯೆಲ್ಲ ಓಡುತ್ತಾರೆ. ಆ ಹೊತ್ತಿನಲ್ಲಿ ಮಳೆ ಕೊಡು ಎಂದು ಕೇಳುವವರು ಈ ಸೀಮೆಯಲ್ಲಿ ಇರಲಾರರು. ಬೆನ್ ಯಿಜು ಶಾಸ್ತ್ರ ಓದಿದವನು. ಪದ್ಧತಿ ಬಿಡದೆ ನಡೆದಿದ್ದರೆ ಏಡನ್‌ಗೆ ಹಡಗು ತುಂಬುವ ಚಳಿಗಾಲದಲ್ಲಿ ಮಳೆ ಬೇಡಿ, ಜೂನ್‌ನಲ್ಲಿ ಕರಾವಳಿ ಕೊಚ್ಚಿ ಹೋಗುವಂತೆ ಸುರಿಯುವಾಗ ಮಳೆಯ ಮಾತೆತ್ತದೆ ಇದ್ದಿರಬೇಕು.

ಹಾಗಾದರೆ ಅವನ ಪ್ರಾರ್ಥನೆಗೆ ಅರ್ಥ ಇರಲಿಲ್ಲವೇ? ಈ ಪ್ರಶ್ನೆ ನನಗಿಂತ ಬಹಳ ಮೊದಲೇ ನಿನೆವೆ ಪಟ್ಟಣದವರಿಗೆ ಬಂದಿತ್ತು. ನಮಗೆ ಬೇಸಿಗೆಯಲ್ಲೂ ಮಳೆ ಬೇಕು, ಏನು ಮಾಡೋಣ ಎಂದು ಅವರು ಗುರುವಿಗೆ ಹೇಳಿ ಕಳಿಸಿದ ಪ್ರಸಂಗ ತಾಲ್ಮುದದಲ್ಲಿದೆ. ಬಂದ ಉತ್ತರ ಇಷ್ಟು: ಸಮುದಾಯದ ಬೇಡಿಕೆಯ ಕಾಲ ಬದಲಿಸಬೇಡಿ, ಆದರೆ ಮೊರೆ ಕೇಳುವವನನ್ನು ಸ್ತುತಿಸುವ ಇನ್ನೊಂದು ಬೆರಾಖಾ ಅದೇ ಪ್ರಾರ್ಥನೆಯಲ್ಲಿದೆ, ನಿಮ್ಮ ಊರಿನ ಮಳೆಯನ್ನು ಅಲ್ಲಿ ಕೇಳಿಕೊಳ್ಳಿ. ಒಂದು ಮಳೆ ನೆನಪಿನದು, ಬಿಟ್ಟು ಬಂದ ನೆಲದ್ದು. ಇನ್ನೊಂದು ಕಣ್ಣೆದುರಿನ ಗದ್ದೆಯದು. ಒಂದೇ ಪ್ರಾರ್ಥನೆಯೊಳಗೆ ಎರಡಕ್ಕೂ ಜಾಗ ಮಾಡಿದರು. ನಿತ್ಯ ಪ್ರಾರ್ಥನೆಯ ಅರ್ಥ ಎಂದರೆ ನಿಘಂಟಿನ ಅರ್ಥ ಎಂದುಕೊಂಡವರು ಈ ಜಾಗವನ್ನು ಕಾಣುವುದಿಲ್ಲ.

ಪ್ರಾರ್ಥನೆಯಲ್ಲಿ ಇರಬೇಕಾದದ್ದನ್ನು ಅವರು ಕವ್ವಾನಾ ಎನ್ನುತ್ತಾರೆ. ಗುರಿಯ ಕಡೆ ತಿರುಗಿಸುವುದು ಎಂಬುದು ಆ ಶಬ್ದದ ಮೂಲ. ಏಕಾಗ್ರತೆ, ಭಕ್ತಿ ಎಂದೆಲ್ಲ ಅನುವಾದಿಸುವುದುಂಟು. ನನಗೆ ಕನ್ನಡದ ‘ಲಕ್ಷ್ಯ’ವೇ ಸರಿ ಕಾಣುತ್ತದೆ. ಬಾಣಕ್ಕೂ ಲಕ್ಷ್ಯ ಇದೆ, ಮಗು ಪಾಠ ಕೇಳುವಾಗಲೂ ಲಕ್ಷ್ಯ ಬೇಕು. ಲಕ್ಷ್ಯವಿಲ್ಲದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ, ಮತ್ತೆ ಮಾಡಬೇಕು ಎಂದು ವಿಧಿಸಿದವನು ಯೆಹೂದಿ ಪಂಡಿತ ಮೈಮೊನಿಡೀಸ್. 1138ರಲ್ಲಿ ಹುಟ್ಟಿದವನು. ದೂರ ಪ್ರಯಾಣದಿಂದ ದಣಿದು ಬಂದವನು ಮನಸ್ಸು ತಿಳಿಯಾಗುವವರೆಗೆ ಪ್ರಾರ್ಥನೆಗೆ ನಿಲ್ಲಬಾರದು ಎಂದೂ ಬರೆದ. ಪ್ರಯಾಣದ ಸಂಕಟ ಅವನ ಮನೆಯದೇ ಆಗಿತ್ತು: ಅವನ ತಮ್ಮ ಡೇವಿಡ್ ವ್ಯಾಪಾರಕ್ಕೆಂದು ಹೊರಟು ನಮ್ಮ ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ಸುದ್ದಿ ಕೇಳಿದ ಮೈಮೊನಿಡೀಸ್ ವರ್ಷದ ಮಟ್ಟಿಗೆ ಹಾಸಿಗೆ ಹಿಡಿದ. ನಂತರ ಬಂದ ಪಂಡಿತರು ಈ ವಿಧಿಯನ್ನು ಸಡಿಲಿಸಿದರು. ಎರಡನೆಯ ಸಲ ಹೇಳಿದರೂ ಲಕ್ಷ್ಯ ನಿಲ್ಲುವ ಭರವಸೆ ಇಲ್ಲ, ಆದ್ದರಿಂದ ಮತ್ತೆ ಹೇಳಬೇಕಿಲ್ಲ ಎಂದರು. ಮನುಷ್ಯನ ಮನಸ್ಸನ್ನು ಬಲ್ಲವರ ಮಾತು ಅದು.

ಭಾಷೆಯ ವಿಷಯದಲ್ಲೂ ಅವರು ಹೀಗೇ. ಕೇಳು ಎಂದು ಶುರುವಾಗುವ ಶೆಮಾ, ಅಮೀದಾ, ಊಟದ ನಂತರದ ಪ್ರಾರ್ಥನೆ, ಇವನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು ಎಂದು ಅವರ ಹಳೆಯ ಶಾಸ್ತ್ರಗ್ರಂಥ ಮಿಶ್ನಾ ಅನುಮತಿ ಕೊಟ್ಟಿದೆ. ಆದರೂ ಜನ ಹೀಬ್ರೂ ಬಿಡಲಿಲ್ಲ. ಕೊಂಕಣದ ಬೆನೆ ಇಸ್ರೇಲಿ ಎಂಬ ಯೆಹೂದಿಗಳ ಕಥೆ ಕೇಳಿ. ಗಾಣ ಆಡಿಸಿ ಬದುಕಿದ ಜನ, ತಮ್ಮ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಶನಿವಾರ ತೇಲಿ ಎಂದೇ ಹೆಸರಾಯಿತು. ತಲೆಮಾರುಗಳು ಉರುಳಿ ಗ್ರಂಥ ಹೋಯಿತು, ಭಾಷೆ ಹೋಯಿತು. ಬಾಯಲ್ಲಿ ಉಳಿದದ್ದು ಶೆಮಾ. ಅದನ್ನು ಕೇಳಿಯೇ ಹೊರಗಿನಿಂದ ಬಂದವನೊಬ್ಬ ಇವರು ನಮ್ಮವರು ಎಂದು ಗುರುತಿಸಿದ ಎಂಬುದು ಅವರ ಪರಂಪರೆಯ ಕಥೆ. 19ನೆಯ ಶತಮಾನದಲ್ಲಿ ಅವರಲ್ಲೇ ಒಬ್ಬರು, ಜೋಸೆಫ್ ಎಝೆಕಿಯಲ್ ರಾಜಪುರ್ಕರ್, ಹೀಬ್ರೂ ಪ್ರಾರ್ಥನೆಗಳನ್ನು ಮರಾಠಿಗೆ ತಂದರು. ಅರ್ಥ ತಿಳಿಯದೆ ಕಾಪಾಡಿದವರ ಋಣವನ್ನು ಅರ್ಥ ತಿಳಿದವರು ತೀರಿಸಿದ ಬಗೆ ಇದು.

ಇನ್ನು ನಮ್ಮ ಸೀಮೆ. ಬೆನ್ ಯಿಜು ಮಂಗಳೂರಿನಲ್ಲಿದ್ದ ಅದೇ ಶತಮಾನದಲ್ಲಿ ಪಕ್ಕದ ಶಿಕಾರಿಪುರ ಸೀಮೆಯ ಬಳ್ಳಿಗಾವೆಯಲ್ಲಿ ಅಲ್ಲಮ, ಉಡುತಡಿಯಲ್ಲಿ ಅಕ್ಕ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ನಾಲ್ಕು ವೇದಗಳ ಪಠಣವನ್ನೂ ಹಲವು ವ್ಯಾಕರಣಗಳ ವ್ಯಾಖ್ಯಾನವನ್ನೂ ಒಟ್ಟಿಗೆ ಹೇಳುತ್ತದೆ. ಅಲ್ಲಿ ಪಠಣ ಒಂದು ಕೆಲಸ, ಅರ್ಥ ಬಿಡಿಸುವುದು ಇನ್ನೊಂದು ಕೆಲಸ, ಎರಡಕ್ಕೂ ಒಂದೇ ಮಠ. ತಾಳಗುಂದದಲ್ಲಿ ವೇದ ಕಲಿಸುವವರ ಜೊತೆಗೆ ಕನ್ನಡ ಅಕ್ಷರ ಕಲಿಸುವವರಿಗೂ ದತ್ತಿ ಇತ್ತು. ಶರಣರು ಇನ್ನೂ ಮುಂದೆ ಹೋಗಿ ದೇವರೊಡನೆ ಆಡುವ ಮಾತನ್ನೇ ಕನ್ನಡ ಮಾಡಿದರು. ಅಕ್ಕನ ಮಾತು ಚೆನ್ನಮಲ್ಲಿಕಾರ್ಜುನನ ಕಡೆ ತಿರುಗುವ ಮೊದಲು ಎಷ್ಟೋ ಸಲ ಜೊತೆಯ ಹೆಂಗಸಿನ ಕಡೆ ತಿರುಗುತ್ತದೆ. ಶೆಮಾ ಕೂಡ ದೇವರಿಗೆ ಹೇಳಿದ್ದಲ್ಲ. ಜನ ತಮ್ಮ ಜನಕ್ಕೆ, ಕೇಳು ಎಂದು ಹೇಳಿಕೊಳ್ಳುವುದು. ಬಲಗೈಯಿಂದ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ, ಕಿವಿಯಷ್ಟೇ ತೆರೆದಿರಲಿ ಎಂಬಂತೆ.

ನನ್ನ ದೊಡ್ಡಪ್ಪ ಅರವತ್ತು ವರ್ಷ ಸಂಧ್ಯಾವಂದನೆ ಮಾಡಿದವರು. ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನಾನು, ‘ಇದರ ಅರ್ಥ ಗೊತ್ತಾ ದೊಡ್ಡಪ್ಪ?’ ಎಂದು ಕೇಳಿದೆ. ಕೇಳಿದ ಧಾಟಿ ಒಳ್ಳೆಯದಿರಲಿಲ್ಲ. ಅವರು ಪಂಚಪಾತ್ರೆ ಒರೆಸಿಡುತ್ತ, ‘ಎಲ್ಲ ಗೊತ್ತಿಲ್ಲ ಮಾರಾಯ. ಎಲ್ಲಿ ನೀರು ಬಿಡಬೇಕು ಅಂತ ಕೈಗೆ ಗೊತ್ತು. ಅಪ್ಪಯ್ಯ ಹಿಡಿದು ಕಲಿಸಿದ ಕೈ’ ಎಂದರು. ಅವರಿಗೆ ಅರ್ಥ ಗೊತ್ತಿಲ್ಲ ಎಂದು ಅಂದು ತೀರ್ಮಾನಿಸಿದ್ದೆ. ಆ ತೀರ್ಮಾನ ತಪ್ಪು. ಹಾಗೆಂದು ಶಬ್ದಾರ್ಥ ಬೇಡ ಎಂದೂ ನಾನು ಹೇಳುವುದಿಲ್ಲ. ಯಾರಾದರೂ ಅವರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದ್ದರೆ ಎಷ್ಟು ಸಂತೋಷಪಡುತ್ತಿದ್ದರು! ಆ ಕೆಲಸ ನಾನು ಮಾಡಬಹುದಿತ್ತು, ಮಾಡಲಿಲ್ಲ. ಅವರು ಈಗಿಲ್ಲ.

ಆದ್ದರಿಂದ ಈ ಎರಡು ದಿನದ ಗೋಷ್ಠಿಗಳಿಂದ ನಾನು ಬಯಸುವುದು ಇದನ್ನು. ಉಳವಿಯ ಸುತ್ತಮುತ್ತ ಸಂಧ್ಯಾವಂದನೆ ಮಾಡುವವರಿದ್ದಾರೆ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಕೂರುವವರಿದ್ದಾರೆ, ಅರಬ್ಬಿಯಲ್ಲಿ ನಮಾಜು ಮಾಡುವವರಿದ್ದಾರೆ, ತುಳಸಿ ಕಟ್ಟೆಗೆ ದೀಪ ಇಟ್ಟು ತಮ್ಮದೇ ನಾಲ್ಕು ಮಾತು ಹೇಳಿಕೊಳ್ಳುವ ತಾಯಂದಿರಿದ್ದಾರೆ. ಗ್ರಂಥದಲ್ಲಿರುವ ಅರ್ಥ ಗ್ರಂಥದಲ್ಲಿ ಭದ್ರವಾಗಿದೆ. ಹೇಳುವವರು ತಿಳಿದಿರುವ ಅರ್ಥಕ್ಕೆ ಯಾವ ಗೆನೀಜಾವೂ ಇಲ್ಲ, ಅದು ಅವರ ಜೊತೆಗೇ ಹೋಗುತ್ತದೆ.

ಇಂದಿನ ಗೋಷ್ಠಿಗಳು ಸಂಜೆಯ ಹೊತ್ತಿಗೆ ಮುಗಿಯುತ್ತವೆ. ವಿದ್ಯಾರ್ಥಿಗಳೇ, ದೀಪ ಹಚ್ಚುವ ಸಮಯಕ್ಕೆ ಪರಿಚಯದ ಒಂದು ಮನೆಗೆ ಹೋಗಿ. ಅವರು ಹೇಳಿ ಮುಗಿಸುವವರೆಗೆ ಚಪ್ಪಲಿ ಬಿಟ್ಟು ಜಗಲಿಯಲ್ಲಿ ಕೂತಿರಿ. ಆಮೇಲೆ, ನಾನು ದೊಡ್ಡಪ್ಪನನ್ನು ಕೇಳಿದ ಹಾಗಲ್ಲದೆ, ತಿಳಿಯುವ ಆಸೆಯಿಂದ ಕೇಳಿ. ತಿದ್ದಬೇಡಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ನಾಳೆ ಬೆಳಗಿನ ಗೋಷ್ಠಿಯನ್ನು ಆ ಹಾಳೆಗಳನ್ನು ಓದುವುದರಿಂದಲೇ ಆರಂಭಿಸೋಣ.