ಪಿಸ್ಟನ್ ಮುರಿದದ್ದು ಪಂಪಿನ ತಂತಿಯಿಂದ
(ವಾರ್ಷಿಕ ಸಮಾವೇಶದಲ್ಲಿ ಆಡಿದ ಮಾತುಗಳ ಬರಹರೂಪ)

ಟರ್ಬೊ ಕಾರಿನ ಬಗ್ಗೆ ಮಾತಾಡು ಅಂತ ವೇದಿಕೆಯವರು ಹೇಳಿದರು. ಆ ಕಾರು ನನ್ನದೊಬ್ಬನದಲ್ಲ, ನಾವು ನಾಲ್ಕು ಜನ ಸೇರಿ ತಗೊಂಡದ್ದು. ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್, ಎಂಜಿನ್ ಮೆಕ್ಯಾನಿಕ್ ಅಲ್ಲ. ಆದರೆ ಈ ಎಂಜಿನ್ನಿನ ರೋಗ ಕೊನೆಗೆ ನನ್ನ ಕಸುಬಿನ ಕಡೆಯೇ ಸಿಕ್ಕಿತು. ಅದಕ್ಕೇ ಮೈಕ್ ಹಿಡಿದಿದ್ದೇನೆ.

ಕಾರು 1994ರ ಮಜ್ದಾ ಮಿಯಾಟಾ. 1839 ಸಿಸಿ, ನಾಲ್ಕು ಸಿಲಿಂಡರ್, ಬೋರ್ 83 ಮಿ.ಮೀ., ಸ್ಟ್ರೋಕ್ 85. ಕಂಪನಿಯಿಂದ ಬರುವಾಗ 128 ಅಶ್ವಶಕ್ತಿ, ಟರ್ಬೊ ಇಲ್ಲ. ಹಿಂದಿನ ಮಾಲೀಕ ಎಲ್ಲೋ ಟರ್ಬೊ ಕೂರಿಸಿ, ಎಂಜಿನ್ ಕೆಟ್ಟ ಮೇಲೆ ಅಗ್ಗಕ್ಕೆ ಮಾರಿದ. ಹೆಡ್ ಬಿಚ್ಚಿ ನೋಡಿದರೆ ನಾಲ್ಕನೇ ಪಿಸ್ಟನ್ನಿನಲ್ಲಿ ರಿಂಗು ಕೂರುವ ಅಂಚೇ ಮುರಿದಿದೆ.

"ಹೊಸ ಪಿಸ್ಟನ್ ಹಾಕಿ ಮುಚ್ಚೋಣ ಕಣೋ" ಅಂದರು ನಮ್ಮ ಹಾಸನದ ಅಣ್ಣ. "ಅಣ್ಣಾ, ಫ್ಯೂಸ್ ಹೋಯ್ತು ಅಂತ ಬರೀ ಫ್ಯೂಸ್ ಹಾಕಿದ್ರೆ ಆಗುತ್ತಾ? ಯಾಕೆ ಹೋಯ್ತು ಅಂತ ನೋಡ್ಬೇಕಲ್ವಾ" ಅಂದೆ.

ಟರ್ಬೊ ಅಂದರೆ ಇಷ್ಟೇ. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತೆ, ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಶಿ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಗಾಳಿ ಹೆಚ್ಚಾದಷ್ಟೂ ಪೆಟ್ರೋಲ್ ಹೆಚ್ಚಬೇಕು. ಸಾಮಾನ್ಯ ಓಟಕ್ಕೆ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಸಾಕು. ಟರ್ಬೊ ಒತ್ತುವಾಗ 11.5, ಹೆಚ್ಚೆಂದರೆ 12 ಪಾಲು ಗಾಳಿ ಇರಬೇಕು. ಆ ಹೆಚ್ಚಿನ ಪೆಟ್ರೋಲೇ ಒಳಗಿನ ಬಿಸಿಯನ್ನು ತಗ್ಗಿಸುತ್ತೆ. ಅದು ಕಡಿಮೆ ಬಿತ್ತೋ, ಉರಿ ಹದವಾಗಿ ಹರಡದೆ ಪಟ್ಟನೆ ಸಿಡಿಯುತ್ತೆ. ಊರಲ್ಲಿ ಬೈಕ್ ನಾಕಿಂಗ್ ಅಂತೀವಲ್ಲ, ಅದೇ. ಬೈಕಿಗೆ ಅದು ಬರೀ ಸದ್ದು, ಟರ್ಬೊ ಎಂಜಿನ್ನಿಗೆ ಸುತ್ತಿಗೆ ಏಟು.

ಹಾಗಾದರೆ ಪೆಟ್ರೋಲ್ ಯಾಕೆ ಕಡಿಮೆ ಬಿತ್ತು? ಇಂಜೆಕ್ಟರ್ ಸರಿ ಇತ್ತು, ಫಿಲ್ಟರ್ ಹೊಸದು. ಆಗ ನಾನು ಪಂಪಿಗೆ ಬಂದೆ. ಟರ್ಬೊ ಒತ್ತಡ ಏರಿದಂತೆ ಪೆಟ್ರೋಲ್ ಒತ್ತಡವೂ ಅಷ್ಟೇ ಏರಬೇಕು, ರೆಗ್ಯುಲೇಟರ್ ಇರುವುದೇ ಅದಕ್ಕೆ. ಮೂರು ಬಾರ್ ಇದ್ದದ್ದು 3.8 ಆಗುತ್ತೆ. ಪಂಪ್ ಕಷ್ಟಪಟ್ಟು ತಳ್ಳುತ್ತೆ, ಹೆಚ್ಚು ಆಂಪಿಯರ್ ಎಳೆಯುತ್ತೆ. ತಂತಿ ಸಣ್ಣದಿದ್ದರೆ ವೋಲ್ಟೇಜ್ ಇಳಿಯುವುದೂ ಆಗಲೇ, ಬೇಕಾದ ಹೊತ್ತಿಗೆ ಸರಿಯಾಗಿ.

ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆ ಮಾಡಿದೆವು. ರೆಗ್ಯುಲೇಟರಿನ ಗಾಳಿ ನಳಿಗೆಗೆ ಕೈಪಂಪಿನಿಂದ 0.8 ಬಾರ್ ಕೊಟ್ಟು, ವಾಪಸ್ ಬರುವ ಪೆಟ್ರೋಲನ್ನು ಕ್ಯಾನಿಗೆ ಹಿಡಿದೆವು, ಬೋರ್‌ವೆಲ್ಲಿನಲ್ಲಿ ಎಷ್ಟು ಇಂಚು ನೀರು ಅಂತ ನೋಡೋ ಹಾಗೆ. ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಬಾಯಲ್ಲಿ 11.2. ನಿಮಿಷಕ್ಕೆ ಬಂದದ್ದು 1.1 ಲೀಟರ್. ನಮ್ಮ ಲೆಕ್ಕಕ್ಕೆ ಸುಮಾರು 1.4 ಬೇಕು. ರಿಲೇ ಪಾಯಿಂಟ್ ಕಪ್ಪಾಗಿತ್ತು, ನಡುವೆ ಸಣ್ಣ ತಂತಿ ತಿರುಚಿ ಟೇಪ್ ಸುತ್ತಿದ್ದರು, ಅರ್ಥಿಂಗ್ ಬೋಲ್ಟ್ ಪೇಂಟಿನ ಮೇಲೆ ಕೂತಿತ್ತು. ಈ ಕಾರಿಗೆ ಬ್ಯಾಟರಿ ಡಿಕ್ಕಿಯಲ್ಲೇ ಇದೆ, ಪಂಪಿಗೆ ಹತ್ತಿರ. ಅಲ್ಲಿಂದ ಫ್ಯೂಸ್, ಹೊಸ ರಿಲೇ, 10 ಗೇಜ್ ತಂತಿ, ಕೆರೆದು ಹೊಳೆಸಿದ ತಗಡಿಗೆ ಅರ್ಥಿಂಗ್. ಅದೇ ಪಂಪ್ 1.7 ಲೀಟರ್ ಕೊಟ್ಟಿತು.

ವೋಲ್ಟೇಜ್ ಇಳಿದರೆ ಊರಿನ ಪಂಪ್‌ಸೆಟ್ ಮೋಟರ್ ತಾನೇ ಸುಟ್ಟುಕೊಳ್ಳುತ್ತೆ. ಈ ಡಿಸಿ ಪಂಪ್ ಹಾಗಲ್ಲ, ಸುಮ್ಮನೆ ನಿಧಾನ ಆಗುತ್ತೆ, ಸುಡುವುದು ಎಂಜಿನ್ನನ್ನು.

ನಾಲ್ಕನೇ ಸಿಲಿಂಡರೇ ಯಾಕೆ ಮೊದಲು ಹೋಯ್ತು ಅನ್ನೋದಕ್ಕೂ ಕಾರಣ ಇದೆ. ಈ ಎಂಜಿನ್ ವಂಶ ಮೊದಲು ಅಡ್ಡಡ್ಡ ಕೂರುತ್ತಿದ್ದ ಕಾರಿನದು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿ, ಬಿಸಿನೀರಿನ ದಾರಿಯನ್ನು ಮುಂದಕ್ಕೆ ಮಾಡಿದ್ದಾರೆ. ಹಿಂದಿನ ಸಿಲಿಂಡರಿಗೆ ತಂಪು ಕಡಿಮೆ. ರಸ್ತೆಗೆ ಅದು ಸಾಕು, ಟ್ರ್ಯಾಕಿಗೆ ಟರ್ಬೊ ಹಾಕುವವರು ನೀರು ಹಿಂದಿನಿಂದ ಹೊರಬರುವಂತೆ ಬದಲಾಯಿಸುತ್ತಾರೆ. ನಾವೂ ಬದಲಾಯಿಸಿದೆವು.

ಉಳಿದದ್ದು ಬೇಗ ಹೇಳ್ತೇನೆ. ಫೋರ್ಜ್ ಮಾಡಿದ ಪಿಸ್ಟನ್, ಕನೆಕ್ಟಿಂಗ್ ರಾಡ್. ರಾಡಿನಲ್ಲಿ ಜಿಪುಣತನ ಬೇಡ. ಅದು ಮುರಿದು ಬ್ಲಾಕ್ ತೂತಾದರೆ ಆಯಿಲ್ ಟ್ರ್ಯಾಕಿನ ಮೇಲೆ ಚೆಲ್ಲುತ್ತೆ, ಹಿಂದೆ ಬರುವವನು ಜಾರುತ್ತಾನೆ, ಕೆಂಪಗೆ ಕಾದ ಟರ್ಬೊ ಮೇಲೆ ಬಿದ್ದರೆ ಬೆಂಕಿ. ಮೇಲಿನ ರಿಂಗಿನ ಸಂದು ಅರ್ಧ ಮಿಲಿಮೀಟರ್ ಬಿಟ್ಟೆವು, ಯಾಕೆಂದರೆ ಬಿಸಿಗೆ ರಿಂಗು ಹಿಗ್ಗಿ ತುದಿಗಳು ಒಂದಕ್ಕೊಂದು ಗುದ್ದಿದರೂ ಅದೇ ಅಂಚು ಮುರಿಯುತ್ತೆ. ಆಯಿಲ್ ಕೂಲರ್, ದೊಡ್ಡ ರೇಡಿಯೇಟರ್, ಇಂಟರ್‌ಕೂಲರ್. ಒಟ್ಟು ಖರ್ಚು 6,200 ಡಾಲರ್, ನಾಲ್ಕು ಪಾಲು, ಹದಿನಾಲ್ಕು ತಿಂಗಳಲ್ಲಿ. ಊರಿಗೆ ಕಳಿಸುವ ದುಡ್ಡನ್ನು ಯಾರೂ ಮುಟ್ಟಬಾರದು ಅಂತ ಮೊದಲ ದಿನವೇ ಮಾತಾಗಿತ್ತು. ಅದಕ್ಕೇ ಅಷ್ಟು ತಿಂಗಳು ಹಿಡಿಯಿತು.

ಕಾನೂನಿನ ಮಾತು ಒಂದು. ಕ್ಯಾಲಿಫೋರ್ನಿಯಾದಲ್ಲಿ ಒಪ್ಪಿಗೆ ನಂಬರ್ ಇಲ್ಲದ ಟರ್ಬೊ ಹಾಕಿದರೆ ಕಾರು ಸ್ಮಾಗ್ ಪರೀಕ್ಷೆ ದಾಟುವುದಿಲ್ಲ. ಹಾಗಾಗಿ ನಮ್ಮದು ರಸ್ತೆಗೆ ಇಳಿಯುವುದಿಲ್ಲ, ಟ್ರೇಲರ್ ಮೇಲೇ ಹೋಗುತ್ತೆ. ಮನೆ ಕಾರಿನ ವಿಮೆ ಸಾಮಾನ್ಯವಾಗಿ ಟ್ರ್ಯಾಕಿಗೆ ನಡೆಯುವುದಿಲ್ಲ, ಅದನ್ನೂ ತಿಳಿದಿರಿ. ಹತ್ತಿರದ್ದು ಸೊನೊಮಾ, ದಕ್ಷಿಣಕ್ಕೆ ಲಗೂನಾ ಸೆಕಾ. ನಾವು ಹೆಚ್ಚು ಹೋಗುವುದು ವಿಲೋಸ್ ಊರಿನ ಥಂಡರ್‌ಹಿಲ್‌ಗೆ. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ಮಾಮೂಲು, ರಾಯಚೂರು ನೆನಪಾಗುತ್ತೆ.

ಈಗ ಟರ್ಬೊ ಒತ್ತಡ 0.7 ಬಾರ್, ಚಕ್ರದ ಬಳಿ ಅಳೆದರೆ 195 ಅಶ್ವಶಕ್ತಿ. ನಮ್ಮ ಕೋಲಾರದ ತಮ್ಮನಿಗೆ ಒಂದು ಬಾರ್ ಬೇಕಂತೆ. ಇಲ್ಲಿ ಬಂಕಿನಲ್ಲಿ ಸಿಗುವ ಪ್ರೀಮಿಯಂ 91 ಆಕ್ಟೇನ್. ಆ ಬಿಸಿಲಿನಲ್ಲಿ, ಅದೇ ಪೆಟ್ರೋಲಿನಲ್ಲಿ ನಾನು ಒಪ್ಪಲ್ಲ. ಚಳಿಗಾಲಕ್ಕೆ ದೊಡ್ಡ ಪಂಪ್ ಹಾಕಿ ಆಮೇಲೆ ಮಾತಾಡೋಣ ಅಂದಿದ್ದೇನೆ. ಅವನಿಗೆ ಇನ್ನೂ ಮುನಿಸು, ಅಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ ನೋಡಿ.

ಕೊನೆಗೆ ನಾನು ಸೇರಿಸಿದ್ದು ಪೆಟ್ರೋಲ್ ಒತ್ತಡದ ಒಂದು ಸೆನ್ಸರ್. ಟರ್ಬೊ ಒತ್ತುವಾಗ ಪೆಟ್ರೋಲ್ ಒತ್ತಡ ಲೆಕ್ಕಕ್ಕಿಂತ ಕೆಳಗಿಳಿದರೆ ಇಸಿಯು ತಾನೇ ಎಂಜಿನ್ ಕಡಿಯುತ್ತೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತೆ. ಬೆಲೆ ನೂರು ಡಾಲರಿನೊಳಗೆ. ವೈರಿಂಗ್ ನಕ್ಷೆ ತಂದಿದ್ದೇನೆ. ಬೇಕಾದವರು ಊಟದ ಹೊತ್ತಿಗೆ ಬನ್ನಿ, ತೋರಿಸ್ತೇನೆ.